ಒಂದು ಸ್ಟಾಪ್ ಮುಂಚೆ ಇಳಿಯುವ ಅಕ್ಕ

ಬೆಳಗಿನ ಐದೂ ನಲವತ್ತರ ಬಸ್ಸು. ಒಳಗಿನ ದೀಪ ಇನ್ನೂ ಆರಿಸಿಲ್ಲ. ಮುಂದಿನ ಬಾಗಿಲ ಪಕ್ಕದ ಸೀಟಿನಲ್ಲಿ ಕೂತಿದ್ದ ಹೆಂಗಸು ಚೀಲವನ್ನು ಹೆಗಲಿಗೇರಿಸಿಕೊಂಡು ಏಳುತ್ತಾರೆ. ಹೆಂಗಸರ ಆಸ್ಪತ್ರೆಗೆ ಇನ್ನೂ ಒಂದು ಸ್ಟಾಪ್ ಇದೆ. ಕಂಡಕ್ಟರ್ ಹೊಸಬ. ಅವರ ಚೀಲದಿಂದ ಇಣುಕುತ್ತಿರುವ ಆಪರೇಷನ್ ಥಿಯೇಟರಿನ ಹಸಿರು ಟೋಪಿ ನೋಡಿ, "ಆಸ್ಪತ್ರೆ ಮುಂದಿನ ಸ್ಟಾಪ್ ಅಮ್ಮ" ಎನ್ನುತ್ತಾನೆ. "ಗೊತ್ತಪ್ಪ. ಸಕ್ಕರೆ ಕಾಯಿಲೆ, ನಡೀಬೇಕು" ಎಂದು ಅವರು ಇಳಿದುಬಿಡುತ್ತಾರೆ. ಹಳೆಯ ಕಂಡಕ್ಟರುಗಳಿಗೂ ಇದೇ ಉತ್ತರ ಸಿಕ್ಕಿದೆ. ಅಸಲಿಗೆ ಅವರಿಗೆ ಸಕ್ಕರೆ ಕಾಯಿಲೆಯೇ ಇಲ್ಲ. ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಹೇಳುವ ಈ ಸುಳ್ಳಿಗೆ ಕಾರಣವೊಂದಿದೆ. ಅದಕ್ಕೆ ಆಮೇಲೆ ಬರೋಣ.

ಅಲ್ಲಿಂದ ಎಂಟು ನಿಮಿಷದ ನಡಿಗೆ. ಷಟರ್ ಎಳೆದ ಟೈರ್ ಅಂಗಡಿ, ಪೆಟ್ರೋಲ್ ಬಂಕ್, ಆಮೇಲೆ ಉದ್ದಕ್ಕೂ ಆಸ್ಪತ್ರೆಯ ಹಿಂಬದಿಯ ಗೋಡೆ. ಆಕ್ಸಿಜನ್ ಸಿಲಿಂಡರುಗಳೂ ಒಗೆಯುವ ಬಟ್ಟೆಯ ಗಂಟುಗಳೂ ಓಡಾಡುವ ಹಿಂದಿನ ಗೇಟಿನಿಂದಲೇ ಅವರು ಒಳಗೆ ಹೋಗುತ್ತಾರೆ. ಮೂವತ್ತಾರು ವರ್ಷ ದುಡಿದವರಿಗೆ ಮುಂದಿನ ಗೇಟು ಯಾಕೆ ಬೇಡವಾಯಿತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಕೇಳದೇ ಇರುವುದರಲ್ಲಿ ಆ ಆಸ್ಪತ್ರೆ ಎತ್ತಿದ ಕೈ.

ಆರೂ ಹತ್ತಕ್ಕೆ ಆಪರೇಷನ್ ಥಿಯೇಟರಿನ ದೀಪ ಹಚ್ಚುವವರು ಅವರೇ. ಮೊದಲು ಅರಿವಳಿಕೆ ಕೊಡುವ ಮಷೀನಿನ ಹತ್ತಿರ ನಿಲ್ಲುತ್ತಾರೆ. ಆಕ್ಸಿಜನ್ ಪೈಪಿನ ಬಿಗಿ ನೋಡುತ್ತಾರೆ. ರಬ್ಬರ್ ಚೀಲವನ್ನು ಅಂಗೈಯಲ್ಲಿ ಹಿಸುಕಿ, ಕಿವಿಯ ಹತ್ತಿರ ಹಿಡಿದು, ಎಲ್ಲಾದರೂ ಗಾಳಿ ಸೋರುತ್ತಿದೆಯೇ ಎಂದು ಕೇಳುತ್ತಾರೆ. ಗಂಟಲೊಳಗೆ ನೋಡುವ ಸಲಕರಣೆಯ ಪುಟ್ಟ ಬಲ್ಬನ್ನು ಹಚ್ಚಿ, ಆರಿಸಿ, ಮತ್ತೆ ಹಚ್ಚುತ್ತಾರೆ. ಹೊಸ ಮಷೀನು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ ಎಂದು ಕಂಪನಿಯವರು ಹೇಳಿ ಹೋಗಿದ್ದಾರೆ. "ಅದು ಅದರ ಕೆಲಸ ಮಾಡ್ಕೊಳ್ಳಲಿ, ನಾನು ನನ್ನ ಕೆಲಸ ಮಾಡ್ತೀನಿ" ಎನ್ನುತ್ತಾರೆ ಅಕ್ಕ. ಅಕ್ಕ ಎಂದೇ ಕರೆಯೋಣ. ಅಲ್ಲಿ ಡಾಕ್ಟರುಗಳಿಂದ ಹಿಡಿದು ಕ್ಯಾಂಟೀನಿನವರ ತನಕ ಎಲ್ಲರೂ ಕರೆಯುವುದು ಹಾಗೆಯೇ.

ಏಳೂವರೆಗೆ ಮೊದಲನೆಯ ಹೆಣ್ಣುಮಗಳು ಬರುತ್ತಾಳೆ. ಚೊಚ್ಚಲ ಹೆರಿಗೆ, ಸಿಸೇರಿಯನ್. ಹಲ್ಲು ಕಟಕಟ ಎನ್ನುತ್ತಿದೆ. ಇವತ್ತು ಬೆನ್ನಿಗೆ ಸೂಜಿ ಹಾಕುವವರು ತರಬೇತಿಗೆ ಬಂದು ಎರಡು ತಿಂಗಳಾದ ಕನ್ನಡಕದ ಡಾಕ್ಟರಮ್ಮ. ಅವರ ಹಣೆಯಲ್ಲಿ ಆಗಲೇ ಬೆವರು. ಅಕ್ಕ ಕಪಾಟಿನಿಂದ ಔಷಧಿಯ ಆಂಪೂಲ್, ಅಂದರೆ ಕಿರುಬೆರಳಿನಷ್ಟು ಗಾಜಿನ ಸೀಸೆಯೊಂದನ್ನು ತೆಗೆದು, ಡಾಕ್ಟರಮ್ಮನ ಕಣ್ಣ ಮುಂದೆ ಹಿಡಿಯುತ್ತಾರೆ.

"ಓದಿ ಹೇಳಿ."

ಡಾಕ್ಟರಮ್ಮ ಔಷಧಿಯ ಹೆಸರು, ಪ್ರಮಾಣ, ತಾರೀಖು ಗಟ್ಟಿಯಾಗಿ ಓದುತ್ತಾರೆ. ಆಂಪೂಲಿನ ಕುತ್ತಿಗೆ ಮುರಿಯುವ ಮುಂಚೆ ಅಕ್ಕ ಇನ್ನೊಂದು ಸಲ ಓದಿಸುತ್ತಾರೆ. ಔಷಧಿ ಸಿರಿಂಜಿಗೆ ಏರಿದ ಮೇಲೆ, ಖಾಲಿ ಗಾಜನ್ನು ತೋರಿಸಿ, ಮೂರನೆಯ ಸಲ.

"ಆಗಲೇ ಓದಿದ್ನಲ್ಲ ಅಕ್ಕ."

"ಆಗ ಓದಿದ್ದು ಆಗಿನದಕ್ಕೆ ಆಯ್ತು. ಈಗ ಓದಿ."

ಓದಿಸಿಕೊಂಡ ಮೇಲೆ ಒಡೆದ ಗಾಜನ್ನು ಬಿಸಾಡುವುದಿಲ್ಲ. ಒಂದು ಸ್ಟೀಲ್ ಬಟ್ಟಲಲ್ಲಿ ಹಾಕಿ ಮುಚ್ಚಿಡುತ್ತಾರೆ. ಆ ಹೆಣ್ಣುಮಗಳು ಮಗುವಿನೊಂದಿಗೆ ವಾರ್ಡಿಗೆ ಹೋಗುವ ತನಕ ಬಟ್ಟಲು ಅಲ್ಲೇ ಇರಬೇಕು. ಆಮೇಲೆ ಅಕ್ಕ ಟೇಬಲ್ಲಿನ ಈಚೆ ಬದಿಗೆ ಬಂದು, ಕಾಲು ಇಳಿಬಿಟ್ಟು ಕೂತ ಹುಡುಗಿಯನ್ನು ಎದುರಿನಿಂದ ತಬ್ಬಿಕೊಳ್ಳುತ್ತಾರೆ. ಅವಳ ಹಣೆ ಇವರ ಹೆಗಲ ಮೇಲೆ, ಇವರ ಎರಡೂ ಕೈ ಅವಳ ಭುಜದ ಸುತ್ತ.

"ಹೊಟ್ಟೆಯೊಳಗಿರೋ ಮಗೂನ ತಬ್ಕೊಂಡ ಹಾಗೆ ಬಗ್ಗು. ಇನ್ನೂ. ಹಾಂ, ಅಷ್ಟೇ."

"ಅಲ್ಲಾಡಿಬಿಟ್ರೆ?"

"ಅಲ್ಲಾಡೋಕೆ ನಾನು ಬಿಟ್ರೆ ತಾನೆ."

ಹುಡುಗಿಗೆ ಅಷ್ಟು ಭಯದಲ್ಲೂ ನಗು ಬರುತ್ತದೆ. ನಕ್ಕಾಗ ಮೈ ಸಡಿಲಾಗುತ್ತದೆ, ಸಡಿಲಾದಾಗ ಸೂಜಿ ಸಲೀಸಾಗಿ ಒಳಗೆ ಹೋಗುತ್ತದೆ. ಹೆಗಲಾಚೆಯಿಂದ ಅಕ್ಕನ ಕಣ್ಣು ಡಾಕ್ಟರಮ್ಮನ ಬೆರಳಿನ ಮೇಲೆಯೇ ಇದೆ. "ಸೊಂಟದ ಮೂಳೆಯಿಂದ ನೇರ ಬೆನ್ನಿನ ನಡುವಿಗೆ ಬನ್ನಿ. ಇನ್ನೊಂದು ಬೆರಳು ಕೆಳಗೆ. ಬೆನ್ನಿನ ನೀರು ಹನಿ ಹನಿಯಾಗಿ ಬಂತಾ? ಬಂದ ಮೇಲೂ ಒಂದು ಉಸಿರು ಕಾಯಿರಿ. ಈಗ ಕೊಡಿ, ನಿಧಾನಕ್ಕೆ." ಆಮೇಲೆ ಹುಡುಗಿಯ ಕಿವಿಯಲ್ಲಿ, "ಕಾಲು ಹೇಗಿದೆ ಹೇಳಮ್ಮ" ಎನ್ನುತ್ತಾರೆ. "ಬೆಚ್ಚಗಾಗ್ತಿದೆ ಅಕ್ಕ. ಭಾರ ಆಗ್ತಿದೆ." ಆ ಮಾತು ಬರುವ ತನಕ ಅಕ್ಕನ ತೋಳು ಸಡಿಲವಾಗುವುದಿಲ್ಲ.

ಹೀಗೆ ಪಾಳಿಯೊಂದಕ್ಕೆ ಹತ್ತೋ ಹನ್ನೆರಡೋ. ದಿನಕ್ಕೆ ಏಳೇ ಎಂದು ಹಿಡಿದರೂ ಮೂವತ್ತಾರು ವರ್ಷದಲ್ಲಿ ಈ ತೋಳುಗಳು ಹಿಡಿದ ಹೆಂಗಸರ ಸಂಖ್ಯೆ ಎಪ್ಪತ್ತು ಸಾವಿರ ದಾಟುತ್ತದೆ. ಒಂದು ಸಣ್ಣ ಪಟ್ಟಣವನ್ನೇ ತಬ್ಬಿಕೊಂಡ ಲೆಕ್ಕ. ಇಲ್ಲಿ ಇಬ್ಬರು ಸಹಾಯಕರಿರಬೇಕು. ಎರಡನೆಯ ಹುದ್ದೆ ಖಾಲಿ ಬಿದ್ದು ಹದಿಮೂರು ವರ್ಷವಾಯಿತು. ಆಂಪೂಲು ತೋರಿಸುವವರೂ ಇವರೇ, ಹಿಡಿಯುವವರೂ ಇವರೇ, ಕೊನೆಗೆ ಡಾಕ್ಟರುಗಳ ಕೋಟಿನ ಜೇಬು ಖಾಲಿ ಮಾಡಿ ಒಗೆಯಲು ಕಳಿಸುವವರೂ ಇವರೇ.

ತರಬೇತಿಯ ಡಾಕ್ಟರುಗಳು ಇವರಿಗೆ ಇಟ್ಟಿರುವ ಅಡ್ಡಹೆಸರು ಓದಿಹೇಳಕ್ಕ. ಎದುರಿಗೇ ಕರೆಯುವಷ್ಟು ಸಲಿಗೆ ಕೆಲವರಿಗಿದೆ. ಅಕ್ಕ ಟೀ ಕೇಳಿದರೆ ಕ್ಯಾಂಟೀನಿನವನು ಟೀಪುಡಿಯ ಪೊಟ್ಟಣದ ಮೇಲಿನದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿಯೇ ಲೋಟ ಕೊಡುತ್ತಾನೆ. ಮನೆಯಲ್ಲಿ ಹೊಲಿಗೆ ಮಷೀನಿನ ಮುಂದೆ ಕೂರುವ ಟೈಲರ್ ಯಜಮಾನರದೂ ಅದೇ ದೂರು. "ಸಕ್ಕರೆ ಡಬ್ಬಿ ಕೊಟ್ರೂ ಮುಚ್ಚಳ ತೆಗೆದು ನಾಲಿಗೆಗೆ ಹಚ್ಚಿ ನೋಡ್ತಾಳೆ. ನಲವತ್ತು ವರ್ಷ ಆಯ್ತು ಮದುವೆಯಾಗಿ, ನನ್ನ ಮೇಲೆ ನಂಬಿಕೆ ಇಲ್ಲ." ಅಕ್ಕ ತುಟಿಯಂಚಿನಲ್ಲಿ ನಗುತ್ತಾರೆ. "ನಂಬಿಕೆ ಇದೆ. ಡಬ್ಬಿ ಮೇಲೆ ಇಲ್ಲ."

ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಅಕ್ಕ ಈ ಆಸ್ಪತ್ರೆಗೆ ಸೇರಿದ್ದು ನೆಲ ಒರೆಸಲು. ಓದಿದ್ದು ಹತ್ತನೆಯ ಕ್ಲಾಸು. ಒಂದು ದಿನ ಥಿಯೇಟರಿನಲ್ಲಿ ಸೂಜಿ ಕಂಡು ಹೌಹಾರಿದ ಹೆಂಗಸೊಬ್ಬಳನ್ನು, ಒರೆಸುವ ಕೋಲು ಬದಿಗಿಟ್ಟು, ಇವರೇ ಹೋಗಿ ತಬ್ಬಿಕೊಂಡರು. ಆಗ ಅರಿವಳಿಕೆ ಕೊಡುತ್ತಿದ್ದವರು ಒಬ್ಬ ವಯಸ್ಸಾದ ಡಾಕ್ಟರಮ್ಮ. ಸಿಡುಕಿಗೆ ಹೆಸರಾದವರು. ಅವತ್ತು ಮಾತ್ರ, "ನೆಲ ಒರೆಸೋಕೆ ಬೇರೆ ಯಾರಾದ್ರೂ ಸಿಗ್ತಾರೆ. ನೀನು ನಾಳೆಯಿಂದ ಇಲ್ಲೇ ನಿಲ್ಲು" ಎಂದರಂತೆ. ಎಂಟು ವರ್ಷ ಅವರ ಪಕ್ಕದಲ್ಲೇ ನಿಂತು ಅಕ್ಕನ ಕೈ ಪಳಗಿತು. ಯಾವ ಉಸಿರು ಸರಿ, ಯಾವುದು ತಪ್ಪು, ಯಾವ ತುಟಿ ಯಾವಾಗ ನೀಲಿಗೆ ತಿರುಗುತ್ತದೆ ಎಂಬುದೆಲ್ಲ ಮಾನಿಟರಿಗಿಂತ ಒಂದು ಗಳಿಗೆ ಮೊದಲೇ ಇವರಿಗೆ ತಿಳಿಯತೊಡಗಿತು. ಆ ಡಾಕ್ಟರಮ್ಮ ಹೋಗಿ ಬಹಳ ಕಾಲವಾಯಿತು. ಹುದ್ದೆಯ ಹೆಸರು ಆಗ ಸಹಾಯಕಿ, ಈಗಲೂ ಸಹಾಯಕಿ.

ವರ್ಷಕ್ಕೆ ಆರೇಳು ಜನರಂತೆ ಇನ್ನೂರಕ್ಕೂ ಮೀರಿ ಡಾಕ್ಟರುಗಳು ಇವರ ಕಣ್ಣೆದುರು ಮೊದಲ ಸೂಜಿ ಹಿಡಿದು, ಕಲಿತು, ದೊಡ್ಡವರಾಗಿ ಹೋಗಿದ್ದಾರೆ. ಯಾರಾದರೂ ನೆನಪಿಸಿಕೊಳ್ಳುತ್ತಾರೆಯೇ ಎಂದರೆ ಅಕ್ಕನ ಉತ್ತರ ಇದು. "ಫೋನ್ ಮಾಡ್ತಾರೆ ಕೆಲವರು. ಮನೆಯಲ್ಲಿ ಯಾರದಾದ್ರೂ ಹೆರಿಗೆಗೆ ಬೆಡ್ ಬೇಕಾದಾಗ."

ಕಳೆದ ವರ್ಷ ಆಸ್ಪತ್ರೆಯ ಕೆಳಗಿನ ಮಹಡಿಯ ಹಳೆಯ ಉಗ್ರಾಣವನ್ನು ಒಡೆದು ಅರಿವಳಿಕೆಯ ತರಬೇತಿ ಕೇಂದ್ರ ಮಾಡಿದರು. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಸಾಲು ಕುರ್ಚಿ. ಗೋಡೆಯ ತುಂಬ ಬಣ್ಣದ ಅಕ್ಷರಗಳಲ್ಲಿ, ಮೂರು ಸಲ ಓದಿ, ಗಟ್ಟಿಯಾಗಿ ಓದಿ, ಒಡೆದ ಗಾಜನ್ನು ಕಾಪಾಡಿ ಎಂಬ ನಿಯಮ. ಕೆಳಗೆ ರೂಪಿಸಿದವರು ಎಂದು ಕೇಂದ್ರದ ಮುಖ್ಯಸ್ಥರಾದ ದೊಡ್ಡ ಡಾಕ್ಟರ ಹೆಸರು, ನಗುಮುಖದ ಫೋಟೋ. ಈ ನಿಯಮದ ಮೇಲೆ ಅವರು ಬೇರೆ ಬೇರೆ ಊರುಗಳಿಗೆ ಹೋಗಿ ಭಾಷಣ ಮಾಡಿ ಬರುತ್ತಾರೆ. ಮಾತು ಚೆನ್ನಾಗಿದೆ, ಚಪ್ಪಾಳೆಯೂ ಜೋರು.

ಆ ಕೇಂದ್ರಕ್ಕೂ ಅಕ್ಕನಿಗೂ ಒಂದು ನಂಟಿದೆ. ಸೂಜಿ ಚುಚ್ಚಿ ಕಲಿಯಲು ತಂದ ರಬ್ಬರ್ ಗೊಂಬೆಗೆ ಬೆನ್ನು ಬಗ್ಗಿಸಲು ಬರುವುದಿಲ್ಲ. ಆದ್ದರಿಂದ ಹೆಂಗಸು ಹೇಗೆ ಬಗ್ಗಿ ಕೂರಬೇಕೆಂದು ತೋರಿಸಬೇಕಾದಾಗಲೆಲ್ಲ ಅಕ್ಕನಿಗೆ ಕರೆ ಬರುತ್ತದೆ. ಐವತ್ತೊಂಬತ್ತು ವರ್ಷದ ಹೆಂಗಸು ಸ್ಟೂಲಿನ ಮೇಲೆ ತಲೆ ತಗ್ಗಿಸಿ, ಬೆನ್ನು ಬಾಗಿಸಿ ಕೂರುತ್ತಾರೆ. ನಲವತ್ತು ಜನ ಹಿಂದೆ ನಿಂತು ಆ ಬೆನ್ನನ್ನು ನೋಡುತ್ತಾರೆ, ದೊಡ್ಡ ಡಾಕ್ಟರು ಕೋಲಿನ ತುದಿಯಿಂದ ಮೂಳೆ ಎಣಿಸುತ್ತಾರೆ. "ನನ್ನ ಮುಖ ಗೋಡೆ ಕಡೆ ಇರುತ್ತಲ್ಲ, ಆ ಅಕ್ಷರ ಎಲ್ಲ ಬಾಯಿಪಾಠ ಆಗಿದೆ" ಎನ್ನುತ್ತಾರೆ ಅಕ್ಕ.

ಅದೇ ಕೇಂದ್ರದಲ್ಲಿ ಸಹಾಯಕರಿಗೆ ಕಲಿಸುವ ಹುದ್ದೆಯೊಂದನ್ನು ಕರೆದಾಗ ಅಕ್ಕ ಅರ್ಜಿ ಹಾಕಿದರು. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಕೈಗೆ ಬಂದ ಉತ್ತರ ಎರಡು ಸಾಲಿನದು. ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯ ಷರಾ ಇರುವುದರಿಂದ ಅರ್ಜಿಯನ್ನು ಪರಿಗಣಿಸಲಾಗಿಲ್ಲ. ಕೆಳಗಿನ ಮೂರು ಸಹಿಗಳಲ್ಲಿ ಮೊದಲನೆಯದು ದೊಡ್ಡ ಡಾಕ್ಟರದು. ಆ ಕೆಂಪು ಷರಾ ಹೇಗೆ ಬಂತೆಂದು ಆ ಮೂವರಲ್ಲಿ ಸರಿಯಾಗಿ ಗೊತ್ತಿದ್ದವರೂ ಅವರೊಬ್ಬರೇ.

ಈಗ ಬಸ್ ಸ್ಟಾಪಿನ ವಿಷಯಕ್ಕೆ ಬರೋಣ. ಆಸ್ಪತ್ರೆಯ ಮುಂದಿನ ಗೇಟಿನ ಎದುರು, ಸ್ಟಾಪಿಗೆ ಅಂಟಿಕೊಂಡಂತೆ, ಗುಂಡಿ, ದಾರ, ಹುಕ್ಕು ಮಾರುವ ಚಿಕ್ಕ ಅಂಗಡಿಯಿದೆ. ಹನ್ನೊಂದು ವರ್ಷದ ಹಿಂದೆ ತಾಯಿ ಮಗಳು ಇಬ್ಬರೂ ಅಲ್ಲಿ ಕೂರುತ್ತಿದ್ದರು. ಗಂಡ ಟೈಲರ್ ಆದ್ದರಿಂದ ಅಕ್ಕ ಶನಿವಾರ ಶನಿವಾರ ಕೆಲಸ ಮುಗಿಸಿ ಅಲ್ಲಿ ಸಾಮಾನು ಕೊಂಡು ಬಸ್ ಹತ್ತುವುದು ರೂಢಿ. ಯಾವ ಗುಂಡಿಗೆ ಎಷ್ಟು ತೂತು ಎಂಬಲ್ಲಿಂದ ಶುರುವಾದ ಮಾತು ಮನೆಯ ಕಷ್ಟಸುಖದ ತನಕ ಹೋಗುತ್ತಿತ್ತು. ಮಗಳು ಬಸುರಿಯಾದಾಗ ಯಾವ ತಿಂಗಳಲ್ಲಿ ಏನು ಎಂದು ಕೇಳಿ ತಿಳಿದುಕೊಂಡದ್ದು ಅಕ್ಕನಿಂದಲೇ. ಹೆರಿಗೆಗೆ ಸೇರಿಸಿದ ದಿನ ಗುಂಡಿ ಅಂಗಡಿಯ ಅಮ್ಮ ಇವರ ಕೈ ಹಿಡಿದು, "ನೀನು ಒಳಗಿರ್ತೀಯಲ್ಲ, ನನಗೆ ಇನ್ನೇನು ಭಯ" ಎಂದಿದ್ದರು.

ಆ ವಾರ ಸ್ಟೋರಿಗೆ ರಕ್ತಸ್ರಾವ ನಿಲ್ಲಿಸುವ ಔಷಧಿಯ ಹೊಸ ಸರಕು ಬಂದಿತ್ತು. ಅದೇ ಅಳತೆಯ ಗಾಜು, ಅದೇ ನೀಲಿ ಅಕ್ಷರ. ಬೆನ್ನಿಗೆ ಕೊಡುವ ಮರಗಟ್ಟಿಸುವ ಔಷಧಿಯ ಪಕ್ಕದಲ್ಲಿಟ್ಟರೆ ಅವಳಿ ಜವಳಿ. ರಕ್ತನಾಳಕ್ಕೆ ಕೊಟ್ಟಾಗ ಜೀವ ಉಳಿಸುವ ಔಷಧಿಯೇ ಬೆನ್ನಿಗೆ ಹೋದರೆ ಜೀವ ತೆಗೆಯುತ್ತದೆ. ಎರಡನ್ನೂ ಒಂದೇ ಕಪಾಟಿನಲ್ಲಿ ಇಡಬೇಡಿ ಎಂದು ಅಕ್ಕ ಚೀಟಿ ಬರೆದು ಕಳಿಸಿದರು. ಗೋಡೆಗೆ ಹೇಳಿದ ಹಾಗಾಯಿತು.

ಅವತ್ತಿನ ಮೂರನೆಯ ಆಪರೇಷನ್ ಅಂಗಡಿಯ ಮಗಳದು. ಹುಡುಗಿ ಭಯಕ್ಕೆ ಕೂತಲ್ಲಿ ಕೂರಲಿಲ್ಲ. ಅಕ್ಕ ಎದುರಿನಿಂದ ತಬ್ಬಿ ಹಿಡಿದರು. ಔಷಧಿಯ ಕಪಾಟು ಅಕ್ಕನ ಬೆನ್ನ ಹಿಂದೆ. "ನೀವು ಬಿಡಬೇಡಿ ಅಕ್ಕ, ನಾನೇ ತಗೋತೀನಿ" ಎಂದರು ತರಬೇತಿಗೆ ಬಂದು ಎರಡು ತಿಂಗಳಾಗಿದ್ದ ಹುಡುಗ ಡಾಕ್ಟರು. ಅವರೇ ತೆಗೆದರು, ಅವರೇ ಒಡೆದರು, ಅವರೇ ಸಿರಿಂಜಿಗೆ ಏರಿಸಿದರು. ಆ ದಿನಗಳಲ್ಲಿ ಓದಿ ಹೇಳುವ ಪದ್ಧತಿ ಇರಲಿಲ್ಲ. ಸೂಜಿ ಹೋಯಿತು, ಔಷಧಿ ಹೋಯಿತು. ಅಕ್ಕ ಎಂದಿನಂತೆ ಕಾಲು ಹೇಗಿದೆ ಎಂದು ಕೇಳಿದರು.

"ಉರೀತಿದೆ ಅಕ್ಕ ಅಂದ್ಲು. ಬೆನ್ನು, ಸೊಂಟ, ಎಲ್ಲ ಉರೀತಿದೆ ಅಂದ್ಲು. ಯಾರೂ ಯಾವತ್ತೂ ಹಾಗೆ ಹೇಳಿರಲಿಲ್ಲ. ಅವಳು ನನ್ನ ತೋಳಲ್ಲೇ ಇದ್ಲು. ಡಾಕ್ಟ್ರೇ, ಆ ಆಂಪೂಲ್ ನೋಡಿ ಅಂದೆ. ನೋಡಿದ್ರು. ಅವರ ಮುಖದಲ್ಲಿ ರಕ್ತ ಇರಲಿಲ್ಲ."

ಮಗುವನ್ನು ಉಳಿಸಿದರು. ಹೆಣ್ಣು ಮಗು, ಮೊದಲು ಎತ್ತಿಕೊಂಡದ್ದು ಅಕ್ಕನೇ. ತಾಯಿ ಮಾರನೆಯ ದಿನ ಸಂಜೆ ತೀರಿಕೊಂಡಳು.

ಒಡೆದ ಗಾಜನ್ನು ಅಕ್ಕ ತಮ್ಮ ಕೈಯಾರೆ ಅರಿವಳಿಕೆ ವಿಭಾಗದ ಆಗಿನ ಮುಖ್ಯಸ್ಥರಿಗೆ ಒಪ್ಪಿಸಿದರು. ಅದು ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ. ಮೂರು ದಿನ ಕಳೆದು ಇವರನ್ನು ಆಫೀಸಿಗೆ ಕರೆಸಿ, ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಕಾಗದವೊಂದನ್ನು ಮುಂದಿಟ್ಟರು. ಆ ದಿನ ನೀವು ಥಿಯೇಟರಿನಲ್ಲಿ ಇದ್ದಿರಿ ಅಂತ ಅಷ್ಟೇ, ಇಲ್ಲೊಂದು ಸೈನ್ ಹಾಕಿ ಎಂದರು. ಮೂರು ರಾತ್ರಿ ನಿದ್ದೆಯಿಲ್ಲದೆ, ಅತ್ತು ಅತ್ತು, ಅಕ್ಕನಿಗೆ ಅಕ್ಷರಗಳು ಕಲಸಿದಂತೆ ಕಾಣುತ್ತಿದ್ದವು. ಓದಲಿಲ್ಲ. ಸೈನ್ ಹಾಕಿದರು.

ಇಪ್ಪತ್ತು ದಿನ ಕಳೆದ ಮೇಲೆ ಧೈರ್ಯ ಮಾಡಿ ಗುಂಡಿ ಅಂಗಡಿಗೆ ಹೋದರು. ಅಮ್ಮನನ್ನು ಮಾತಾಡಿಸಿ, ಕೂತು ಅತ್ತು ಬರೋಣವೆಂದು. ಅಮ್ಮ ಅಳಲಿಲ್ಲ. ಡ್ರಾಯರಿನಿಂದ ಒಂದು ಕಾಗದ ತೆಗೆದು, ಗಾಜಿನ ಕೌಂಟರಿನ ಮೇಲೆ ಅಕ್ಕನ ಕಡೆಗೆ ತಿರುಗಿಸಿ ಇಟ್ಟರು. ವಿಚಾರಣೆಯ ವರದಿಯ ನಕಲು, ಸತ್ತವರ ಮನೆಯವರೆಂದು ಅವರಿಗೂ ಒಂದು ಕೊಟ್ಟಿದ್ದರು.

"ಓದಿ ಹೇಳು" ಎಂದರು ಅಮ್ಮ. "ನಿನ್ನ ಬಾಯಿಂದಲೇ ಕೇಳ್ತೀನಿ."

ತಾವು ಸೈನ್ ಹಾಕಿದ ಕಾಗದವನ್ನು ಅಕ್ಕ ಮೊದಲ ಸಲ ಓದಿದ್ದು ಅಲ್ಲಿ, ಬಣ್ಣ ಬಣ್ಣದ ಗುಂಡಿಗಳ ಮೇಲೆ. ಸಹಾಯಕಿಯು ತಪ್ಪು ಔಷಧಿಯನ್ನು ತೆಗೆದುಕೊಟ್ಟಿದ್ದರಿಂದ ಎಂಬಲ್ಲಿಗೆ ಬಂದಾಗ ಅದೇ ಸಾಲನ್ನು ಮತ್ತೆ ಓದಿದರು.

"ಇದು ನಿನ್ನ ಸೈನ್ ತಾನೆ?"

"ಹೌದು. ಆದ್ರೆ ನಾನು ಕೊಟ್ಟಿಲ್ಲಮ್ಮ."

"ಕೊಡದೇ ಇದ್ರೆ ಯಾಕೆ ಸೈನ್ ಹಾಕಿದೆ?"

ಆ ಪ್ರಶ್ನೆಯ ಬಗ್ಗೆ ಅಕ್ಕ ಈಗ ಹೇಳುವುದು ಇಷ್ಟೇ: "ಓದದೇ ಹಾಕಿದೆ ಅಂದ್ರೆ ಯಾರು ನಂಬ್ತಾರೆ ಹೇಳಿ. ಅವರ ಜಾಗದಲ್ಲಿ ನಾನಿದ್ರೆ ನಾನೂ ನಂಬ್ತಿರಲಿಲ್ಲ." ಅಲ್ಲಿಂದ ನೇರ ಮುಖ್ಯಸ್ಥರ ಕೋಣೆಗೆ ಹೋದರು. ಅವರು ಕುರ್ಚಿ ತೋರಿಸಿ, ನೀರು ಕೊಟ್ಟು, ಸಮಾಧಾನವಾಗಿಯೇ ಹೇಳಿದರಂತೆ: "ಅವನಿನ್ನೂ ಚಿಕ್ಕವನು, ಮುಂದೆ ಬೆಳೀಬೇಕು. ನಿನಗೆ ಹೇಗೂ ಪ್ರಮೋಷನ್ ಇಲ್ಲ. ಸೇವಾ ಪುಸ್ತಕದಲ್ಲಿ ಒಂದು ಕೆಂಪು ಸಾಲು ಬಂದ್ರೆ ನಿನಗೇನು ನಷ್ಟ?" ಹೀಗೆ ಒಬ್ಬರ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿ ಆಸ್ಪತ್ರೆ ಕೈ ತೊಳೆದುಕೊಂಡಿತು. ಇದನ್ನು ಹೇಳುವಾಗಲೂ ಅಕ್ಕನ ದನಿ ಏರುವುದಿಲ್ಲ.

ಮಾರನೆಯ ಬೆಳಿಗ್ಗೆಯಿಂದ, ಬಾಗಿಲು ಹಾಕಿರುವ ಆ ಅಂಗಡಿಯ ಮುಂದೆಯೂ ಇಳಿಯಲಾರದೆ, ಅಕ್ಕ ಒಂದು ಸ್ಟಾಪ್ ಮುಂಚೆ ಇಳಿಯತೊಡಗಿದರು. ಅದೇ ಬೆಳಿಗ್ಗೆ ಥಿಯೇಟರಿನಲ್ಲಿ ಮೊದಲ ಆಂಪೂಲನ್ನು ಡಾಕ್ಟರ ಕಣ್ಣ ಮುಂದೆ ಹಿಡಿದು, ಓದಿ ಹೇಳಿ ಎಂದರು. ಕೆಲವರು ನಕ್ಕರು, ಕೆಲವರು ಗದರಿದರು, ಹತ್ತನೇ ಕ್ಲಾಸಿನವಳು ನಮಗೆ ಓದು ಕಲಿಸ್ತಾಳೆ ಎಂದವರೂ ಇದ್ದರು. ಅಕ್ಕ ಜಗ್ಗಲಿಲ್ಲ. ಈ ಹನ್ನೊಂದು ವರ್ಷದಲ್ಲಿ ಐದು ಸಲ, ಓದುತ್ತಾ ಓದುತ್ತಾ ಡಾಕ್ಟರ ಬಾಯಿ ಅರ್ಧಕ್ಕೇ ನಿಂತಿದೆ, ಕೈಯಲ್ಲಿದ್ದ ಗಾಜು ವಾಪಸ್ ಹೋಗಿದೆ. ಆ ಐದು ತಾಯಂದಿರು ಎಲ್ಲೋ ಮಕ್ಕಳನ್ನು ಸ್ಕೂಲಿಗೆ ಕಳಿಸುತ್ತಿದ್ದಾರೆ. ಅವರಿಗೆ ಇದೊಂದೂ ಗೊತ್ತಿಲ್ಲ. ಕೆಳಗಿನ ಗೋಡೆಯ ಮೇಲೆ ಹೆಸರು ಬರೆಸಿಕೊಂಡವರು ಯಾರಾದರೂ ಇರಲಿ, ಆ ನಿಯಮವನ್ನು ಮೊದಲು ಹೇಳಿದವರು ಮಗಳನ್ನು ಕಳೆದುಕೊಂಡ ಒಬ್ಬ ಗುಂಡಿ ಅಂಗಡಿಯ ಅಮ್ಮ.

ಅವತ್ತಿನ ಹುಡುಗ ಡಾಕ್ಟರೇ ಇವತ್ತಿನ ದೊಡ್ಡ ಡಾಕ್ಟರು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕೆಟ್ಟವರಲ್ಲ ಎನ್ನುತ್ತಾರೆ ಅಕ್ಕ. ಎದುರಾದರೆ ದೊಡ್ಡ ಡಾಕ್ಟರು ಟೀ ಕುಡಿದ್ರಾ ಎಂದು ಕೇಳುತ್ತಾರೆ. ಅವರ ಭಾಷಣದಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ: ತಪ್ಪಾದಾಗ ವ್ಯಕ್ತಿಯನ್ನು ದೂಷಿಸಬಾರದು, ವ್ಯವಸ್ಥೆಯನ್ನು ತಿದ್ದಬೇಕು. ಒಪ್ಪುವ ಮಾತೇ. ಒಬ್ಬ ವ್ಯಕ್ತಿಯನ್ನು ದೂಷಿಸಿ ಮುಗಿದ ಮೇಲೆ ಹೇಳಲು ಇನ್ನೂ ಸುಲಭ. ಈ ಲೇಖನಕ್ಕಾಗಿ ಆ ಸಾವಿನ ಬಗ್ಗೆ ಕೇಳಿದಾಗ ಅವರು ಹೇಳಿದ್ದು ಇಷ್ಟೇ, "ಅದು ಬಹಳ ಹಳೆಯ ವಿಷಯ."

ಹುದ್ದೆ ತಪ್ಪಿದ ಮೇಲೆ ಆಫೀಸಿನ ಗುಮಾಸ್ತರೊಬ್ಬರು ಅಕ್ಕನಿಗೆ ದಾರಿಯೊಂದನ್ನು ಹೇಳಿಕೊಟ್ಟರು. ಅವತ್ತು ಸೂಜಿ ಹಾಕಿದ ಡಾಕ್ಟರು ಒಂದು ಹೇಳಿಕೆಗೆ ಸಹಿ ಮಾಡಿಕೊಟ್ಟರೆ ಷರಾ ತೆಗೆಯಬಹುದಂತೆ. ಅಕ್ಕ ಆರು ಸಾಲು ಬರೆದು, ಟೈಪ್ ಮಾಡಿಸಿದರು. ಮೊದಲ ಮೂರು ಸಾಲಿನಲ್ಲಿ ತಾರೀಖು, ಥಿಯೇಟರ್, ಇದ್ದವರು ಯಾರು ಎಂಬ ವಿವರ. ನಾಲ್ಕನೆಯ ಸಾಲು: ಆ ದಿನ ಔಷಧಿಯನ್ನು ತೆಗೆದವನೂ ಒಡೆದವನೂ ನಾನೇ, ಸಹಾಯಕಿಯು ರೋಗಿಯನ್ನು ಹಿಡಿದುಕೊಂಡಿದ್ದರು. ಉಳಿದ ಎರಡು ಸಾಲು ಷರಾ ತೆಗೆಯಬೇಕೆಂಬ ಕೋರಿಕೆ.

ಮೂರು ವಾರದ ಹಿಂದೆ, ಗುರುವಾರದ ಕೊನೆಯ ಆಪರೇಷನ್ ಮುಗಿದ ಮೇಲೆ ಅಕ್ಕ 'ಇಲ್ಲೊಂದು ಸೈನ್ ಬೇಕಿತ್ತು ಡಾಕ್ಟ್ರೇ' ಎಂದು ಆ ಕಾಗದವನ್ನು ದೊಡ್ಡ ಡಾಕ್ಟರ ಮುಂದೆ ಹಿಡಿದರು. ಅವರು ಕೈ ತೊಳೆದು ಹೊರಡುವ ಗಡಿಬಿಡಿಯಲ್ಲಿದ್ದರು. ಕೆಳಗೆ ಭಾಷಣಕ್ಕೆ ಜನ ಕಾಯುತ್ತಿದ್ದರು. ರಜೆಯ ಚೀಟಿಯೋ ಏನೋ ಅಂದುಕೊಂಡಿರಬೇಕು. "ಸೈನ್ ತಾನೆ, ಕೊಡಿ ಅಕ್ಕ" ಎಂದು ಪೆನ್ ತೆಗೆದು, ಕಾಗದವನ್ನು ಗೋಡೆಗೆ ಒತ್ತಿಟ್ಟು, ಕೊನೆಯ ಸಾಲಿನ ಕೆಳಗೆ ಪೆನ್ನಿನ ಮೊನೆ ಊರಿದರು.

ಇನ್ನೊಂದು ಕ್ಷಣ ಅಕ್ಕ ಸುಮ್ಮನಿದ್ದಿದ್ದರೆ ಹನ್ನೊಂದು ವರ್ಷದ ಕೆಂಪು ಶಾಯಿ ಅಳಿಸಿಹೋಗುತ್ತಿತ್ತು. ಅಕ್ಕನ ಕೈ ತಾನಾಗಿ ಮುಂದೆ ಹೋಗಿ ಕಾಗದದ ಮೇಲೆ ಕೂತಿತು.

"ಓದಿ ಹೇಳಿ ಡಾಕ್ಟ್ರೇ. ಆಮೇಲೆ ಸೈನ್."

ಕನ್ನಡಕದ ಡಾಕ್ಟರಮ್ಮ ಅಲ್ಲೇ ಗ್ಲೌಸ್ ಬಿಚ್ಚುತ್ತಿದ್ದರು. ಅವರ ಮುಂದೆ ಓದುವುದಿಲ್ಲ ಎನ್ನಲು ನಿಯಮ ರೂಪಿಸಿದವರಿಗೆ ಬಾಯಿ ಬರಲಿಲ್ಲ. ಒಂದನೆಯ ಸಾಲು ಓದಿದರು. ಎರಡನೆಯದು. ಮೂರನೆಯದನ್ನು ಓದುವಾಗ ದನಿ ಸಣ್ಣದಾಯಿತು. ನಾಲ್ಕನೆಯ ಸಾಲಿನ ಮೇಲೆ ಕಣ್ಣು ಹೋಗಿ ನಿಂತಿತು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಜೇಬಿಗೆ ಹಾಕಿಕೊಂಡರು. "ನೋಡೋಣ ಅಕ್ಕ" ಎಂದು ಹೇಳಿ ಕೆಳಗಿಳಿದು ಹೋದರು.

ಮನೆಯಲ್ಲಿ ವಿಷಯ ತಿಳಿದ ಟೈಲರ್ ಯಜಮಾನರು ಹೊಲಿಗೆ ಮಷೀನಿನ ಚಕ್ರ ನಿಲ್ಲಿಸಿದರು. "ಬಾಯಿ ಮುಚ್ಕೊಂಡಿದ್ರೆ ಆಗಿಹೋಗ್ತಿತ್ತಲ್ಲೇ" ಎಂದರು. ಆ ಮನುಷ್ಯನ ಸಿಟ್ಟಿಗೂ ಅರ್ಥವಿದೆ. ಹನ್ನೊಂದು ವರ್ಷದಿಂದ ಒಂದು ಡಜನ್ ಗುಂಡಿಗಾಗಿ ಎರಡು ಬಸ್ಸು ಬದಲಿಸಿ ದೂರದ ಮಾರುಕಟ್ಟೆಗೆ ಹೋಗಿ ಬರುತ್ತಿರುವವರು ಅವರು.

"ಸುಮ್ಮನಿರಬಹುದಿತ್ತು, ಗೊತ್ತು" ಎನ್ನುತ್ತಾರೆ ಅಕ್ಕ, ಬಟ್ಟಲಿನಲ್ಲಿರುವ ಗಾಜಿನ ಚೂರುಗಳನ್ನು ನೋಡುತ್ತಾ. "ಓದದೇ ಹಾಕಿದ ಸೈನ್ ಹಿಡ್ಕೊಂಡು ಆ ಅಮ್ಮನ ಮುಂದೆ ಹೇಗೆ ನಿಲ್ಲಲಿ? ನನ್ನ ಹತ್ರಾನೂ ಅಂಥದ್ದೇ ತಗೊಂಡಿದ್ದಲ್ವಾ ಆಫೀಸಿನವರು."

ನಂತರದ ಸೋಮವಾರ ಒಗೆಯಲು ಹೋಗುವ ಕೋಟುಗಳ ಗಂಟು ಅಕ್ಕನ ಮುಂದೆ ಬಂತು. ಎಂದಿನಂತೆ ಜೇಬುಗಳನ್ನು ತಡಕಿದರು. ದೊಡ್ಡ ಡಾಕ್ಟರ ಕೋಟಿನಲ್ಲಿ ಎರಡು ಪೆನ್ನು, ಒಂದು ಚಾಕೊಲೇಟ್ ಕಾಗದ, ಜೊತೆಗೆ ನಾಲ್ಕು ಮಡಿಕೆಯ ಆರು ಸಾಲು. ಬಿಚ್ಚಿದ ಗುರುತೂ ಇರಲಿಲ್ಲ. ನೋಡೋಣ ಎಂದವರು ಅದನ್ನು ಒಗೆಯುವ ನೀರಿಗೆ ಬಿಟ್ಟಿದ್ದರು. ಅಕ್ಕ ಪೆನ್ನುಗಳನ್ನು ಅವರ ಮೇಜಿಗೆ ತಲುಪಿಸಿ, ಕಾಗದವನ್ನು ಅಂಗೈಯಿಂದ ತೀಡಿ ತಮ್ಮ ಚೀಲದಲ್ಲಿಟ್ಟುಕೊಂಡಿದ್ದಾರೆ. ಮತ್ತೆ ಕೇಳುತ್ತಾರಂತೆ. "ಮೂರು ಸಲ ಓದ್ಬೇಕು ಅಂತ ಅವರೇ ಗೋಡೆ ಮೇಲೆ ಬರೆಸಿದ್ದಾರಲ್ಲ. ಒಂದ್ಸಲ ಆಗಿದೆ."

ಮುಂದಿನ ಹೆಣ್ಣುಮಗಳನ್ನು ಒಳಗೆ ಕರೆತರುತ್ತಿದ್ದಾರೆ. ಅಕ್ಕ ಎದ್ದು, ಟೋಪಿ ಸರಿಮಾಡಿಕೊಂಡು, ಕಪಾಟಿನಿಂದ ಹೊಸ ಆಂಪೂಲ್ ತೆಗೆಯುತ್ತಾರೆ. ನಿವೃತ್ತಿಗೆ ಇನ್ನು ಏಳು ತಿಂಗಳು. ಅವತ್ತು ಎತ್ತಿಕೊಂಡ ಮಗುವಿಗೆ ಈಗ ಹನ್ನೊಂದು ವರ್ಷ, ಸಂಜೆ ಹೊತ್ತು ಅಜ್ಜಿಯ ಜೊತೆ ಅಂಗಡಿಯಲ್ಲಿ ಕೂರುತ್ತಾಳಂತೆ. ಅಕ್ಕ ಅವಳನ್ನು ಆಮೇಲೆ ನೋಡಿಲ್ಲ. ಏನಾದರೂ ಆಸೆಯಿದೆಯೇ ಎಂದು ಕೇಳಿದರೆ, ಕೈಯಲ್ಲಿರುವ ಗಾಜಿನ ಮೇಲಿಂದ ಕಣ್ಣು ತೆಗೆಯದೆಯೇ ಉತ್ತರ ಕೊಡುತ್ತಾರೆ.

"ಆ ಹುದ್ದೆ ಬೇಡ. ಗೋಡೆ ಮೇಲೆ ಹೆಸರೂ ಬೇಡ. ಒಂದು ದಿನ ಮುಂದಿನ ಗೇಟಿನ ಸ್ಟಾಪಲ್ಲಿ ಇಳೀಬೇಕು. ಆ ಅಮ್ಮನ ಗಾಜಿನ ಕೌಂಟರ್ ಮೇಲೆ ಸೈನ್ ಆದ ಈ ಕಾಗದ ಇಟ್ಟು, ನಾನೇ ಓದಿ ಹೇಳ್ಬೇಕು. ಆಮೇಲೆ ಒಂದು ಡಜನ್ ಬಿಳಿ ಗುಂಡಿ ಕೇಳ್ತೀನಿ. ಅವರು ಕೊಟ್ರೆ ತಗೊಂಡು ಮನೆಗೆ ಹೋಗ್ತೀನಿ."